ಎದೆಯ ಹಳ್ಳಕ್ಕೆ ಅಳತೆಗೆ ತಕ್ಕ ಇಂಪ್ಲಾಂಟ್: ನನ್ನ ಟಿಪ್ಪಣಿ

ಕಳೆದ ವಾರ ಓಪಿಡಿಗೆ ಪೀಣ್ಯದಿಂದ 19ರ ಹುಡುಗನೊಬ್ಬ ಬಂದಿದ್ದ. ಶರ್ಟ್ ತೆಗಿಯಪ್ಪ ಅಂದರೆ ಮೊದಲು ಬಾಗಿಲ ಕಡೆ ನೋಡಿದ. ಎದೆಯ ನಡುವೆ ನಿಂಬೆಹಣ್ಣು ಕೂರುವಷ್ಟು ಹಳ್ಳ. "ಅಂಗಾತ ಮಲಗಿದ್ರೆ ಇದರಲ್ಲಿ ನೀರು ನಿಲ್ಲುತ್ತೆ ಸಾರ್" ಅಂದ. ಅವನ ಮುಖ ನೋಡಿದ ಮೇಲೆ ಈ ಪಾಠವನ್ನು ಸುಮ್ನೆ ಪರೀಕ್ಷೆಗೆ ಅಂತ ಓದೋಕೆ ಆಗಲಿಲ್ಲ.

ಇದು ಪೆಕ್ಟಸ್ ಎಕ್ಸ್‌ಕವೇಟಂ. ಪಕ್ಕೆಲುಬಿನ ಕಾರ್ಟಿಲೇಜ್ (ಮೆದು ಮೂಳೆ) ಬೆಳವಣಿಗೆ ಹದ ತಪ್ಪಿ ಎದೆಮೂಳೆ ಒಳಕ್ಕೆ ಕುಸಿದಿರುತ್ತದೆ. ಗಂಡುಮಕ್ಕಳಲ್ಲಿ ಜಾಸ್ತಿ. ಹರೆಯದಲ್ಲಿ ಮೈ ಎತ್ತರ ಬೆಳೆದ ಹಾಗೆ ಹಳ್ಳವೂ ಆಳವಾಗುತ್ತದೆ. ಉದ್ದ ಬೆರಳು, ತೆಳ್ಳಗಿನ ಎತ್ತರದ ಮೈ ಇದ್ದರೆ ಮಾರ್ಫನ್ ಸಿಂಡ್ರೋಮ್ (ಮೈಯ ಅಂಗಾಂಶಗಳನ್ನು ಹಿಡಿದಿಡುವ ಎಳೆಗಳು ಹುಟ್ಟಿನಿಂದಲೇ ದುರ್ಬಲವಾಗಿರುವ ಕಾಯಿಲೆ) ಇದೆಯಾ ಅಂತ ನೋಡಲೇಬೇಕು.

ಈಗ ಮುಖ್ಯ ವಿಷಯ. ಈ ಹಳ್ಳ ತೊಂದರೆ ಕೊಡುತ್ತಿರುವುದು ಹೃದಯ, ಶ್ವಾಸಕೋಶಕ್ಕಾ, ಇಲ್ಲ ಮನಸ್ಸಿಗಾ? ಈ ಪ್ರಶ್ನೆ ಬಿಟ್ಟು ಇಂಪ್ಲಾಂಟ್ (ಮೈಯೊಳಗೆ ಕೂರಿಸುವ ಕೃತಕ ತುಂಡು) ಬಗ್ಗೆ ಮಾತಾಡಬೇಡಿ. ಸಿಲಿಕೋನ್ ಇಂಪ್ಲಾಂಟ್ ಹಳ್ಳವನ್ನು ಮೇಲಿನಿಂದ ತುಂಬುತ್ತದೆ ಅಷ್ಟೇ, ಒಳಗೆ ಹೋದ ಮೂಳೆಯನ್ನು ಅದು ಎತ್ತುವುದಿಲ್ಲ, ಹಾಗಾಗಿ ಹೃದಯದ ಮೇಲೆ ಒತ್ತಡ ಇದ್ದರೆ ಇಟ್ಟ ಮೇಲೂ ಅದು ಹಾಗೇ ಇರುತ್ತದೆ.

ಅದಕ್ಕೇ ಸಿಟಿ ಸ್ಕ್ಯಾನಿನಲ್ಲಿ ಹ್ಯಾಲರ್ ಇಂಡೆಕ್ಸ್ ನೋಡುವುದು. ಎದೆಗೂಡಿನ ಒಳಗಿನ ಅಗಲವನ್ನು, ಎದೆಮೂಳೆಯಿಂದ ಬೆನ್ನುಮೂಳೆಗೆ ಇರುವ ಅತಿ ಕಡಿಮೆ ದೂರದಿಂದ ಭಾಗಿಸಿ. ಅಗಲ 26 ಸೆಂ.ಮೀ., ದೂರ 6.5 ಇದ್ದರೆ ಬರುವುದು 4. ಸಾಮಾನ್ಯವಾಗಿ ಇದು 2.5ರ ಹತ್ತಿರ ಇರುತ್ತದೆ. 3.25 ದಾಟಿದರೆ ಹಳ್ಳ ತೀವ್ರ ಅಂತ ಲೆಕ್ಕ. ಜೊತೆಗೆ ಎಕೋ (ಹೃದಯದ ಅಲ್ಟ್ರಾಸೌಂಡ್), ಉಸಿರಾಟದ ಪರೀಕ್ಷೆಯೂ ಬೇಕು. ಹೃದಯದ ಮೇಲೆ ಒತ್ತಡ ಇದ್ದರೆ ನಸ್ ವಿಧಾನ: ಎದೆಮೂಳೆಯ ಹಿಂದೆ ಬಾಗಿಸಿದ ಲೋಹದ ಪಟ್ಟಿ ತೂರಿಸಿ, ಮೂಳೆಯನ್ನು ಮುಂದಕ್ಕೆ ತಳ್ಳಿ, ಪಟ್ಟಿಯನ್ನು ಎರಡು ಮೂರು ವರ್ಷ ಒಳಗೇ ಬಿಡುತ್ತಾರೆ. ಅಮೆರಿಕದ ಸರ್ಜನ್ ಡೊನಾಲ್ಡ್ ನಸ್ ಇದನ್ನು 1998ರಲ್ಲಿ ಪ್ರಕಟಿಸಿದರು.

ನಮ್ಮ ಹುಡುಗನ ಎಕೋ ಚೆನ್ನಾಗಿತ್ತು, ಮೆಟ್ಟಿಲು ಹತ್ತಿದರೂ ಏದುಸಿರಿಲ್ಲ. ಇಂಥವರಿಗೇ ಇಂಪ್ಲಾಂಟ್ ಸರಿ. ಹಿಂದೆ ಎದೆಯ ಮೇಲೆ ಪ್ಲಾಸ್ಟರ್ ಅಚ್ಚು ತೆಗೆಯುತ್ತಿದ್ದರು, ಆದರೆ ಅಚ್ಚಿಗೆ ಸಿಗುವುದು ಚರ್ಮದ ಆಕಾರ, ಇಂಪ್ಲಾಂಟ್ ಕೂರುವುದು ಮೂಳೆಯ ಮೇಲೆ. ಈಗ ಸಿಟಿಯಿಂದ ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ಮಾಡಿ, ಅಡಿಭಾಗ ಪಕ್ಕೆಲುಬುಗಳಿಗೆ ಸರಿಯಾಗಿ ಕೂರುವ ಹಾಗೆ, ಅಂಚು ತೀರಾ ತೆಳ್ಳಗೆ ಇಳಿಯುವ ಹಾಗೆ ರೂಪಿಸುತ್ತಾರೆ. ಅಂಚು ದಪ್ಪ ಉಳಿದರೆ ಬೆರಳಾಡಿಸಿದಾಗ ಮೆಟ್ಟಿಲಿನ ಹಾಗೆ ಸಿಗುತ್ತದೆ. ಇದು ಸ್ತನದ ಇಂಪ್ಲಾಂಟಿನ ಥರ ಜೆಲ್ ತುಂಬಿದ ಚೀಲ ಅಲ್ಲ, ಇಡೀ ಗಟ್ಟಿ ಸಿಲಿಕೋನ್ ರಬ್ಬರ್. ಹಾಗಾಗಿ ಸೋರುವ ಮಾತೇ ಇಲ್ಲ.

ಎದೆಯ ಮಧ್ಯೆ ಸಣ್ಣ ಗಾಯ ಮಾಡಿ, ಪೆಕ್ಟೊರಾಲಿಸ್ ಅನ್ನೋ ಎದೆಯ ಸ್ನಾಯುವಿನ ಕೆಳಗೆ ಜಾಗ ಬಿಡಿಸಿ ಅದನ್ನು ಕೂರಿಸುತ್ತಾರೆ. ಆಮೇಲೆ ಜಾಸ್ತಿ ಕಾಡುವುದು ಸೆರೋಮಾ, ಅಂದರೆ ಆ ಜಾಗದಲ್ಲಿ ತಿಳಿ ಹಳದಿ ನೀರು ತುಂಬುವುದು. ಒತ್ತಿದರೆ ತುಳುಕುವುದು ಕೈಗೆ ಗೊತ್ತಾಗುತ್ತದೆ. ಸೂಜಿಯಲ್ಲಿ ಎಳೆದು, ಬಿಗಿ ಪಟ್ಟಿ ಕಟ್ಟುತ್ತಾರೆ. ಕೆಲವರಿಗೆ ಹಲವು ಸಲ ಎಳೆಯಬೇಕಾಗುತ್ತದೆ, ಇದನ್ನು ಆಪರೇಷನ್‌ಗೆ ಮುಂಚೆಯೇ ಹೇಳಿಬಿಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ, ಇಲ್ಲದಿದ್ದರೆ ಊತ ನೋಡಿ ಮನೆಯವರೆಲ್ಲ ಗಾಬರಿಯಾಗುತ್ತಾರೆ.

ಪೋಲಂಡ್ ಸಿಂಡ್ರೋಮಿಗೂ ಇದೇ ಇಂಪ್ಲಾಂಟ್ ಮಾಡಿಸಬಹುದು. ಅಲ್ಲಿ ಹುಟ್ಟಿನಿಂದಲೇ ಒಂದು ಕಡೆಯ ಪೆಕ್ಟೊರಾಲಿಸ್‌ನ ಒಂದು ಭಾಗವೋ ಇಡೀ ಸ್ನಾಯುವೋ ಇರುವುದಿಲ್ಲ. ಅದೇ ಕಡೆಯ ಕೈ ನೋಡುವುದು ಮರೀಬೇಡಿ, ಬೆರಳು ಕೂಡಿಕೊಂಡಿರಬಹುದು.

ಗೆಡ್ಡೆ ತೆಗೆಯಲು ಎದೆಮೂಳೆ, ಪಕ್ಕೆಲುಬುಗಳನ್ನೇ ಕತ್ತರಿಸಿದಾಗ ಮಾತ್ರ ಕಥೆ ಬೇರೆ. ಅಲ್ಲಿ ಸಿಲಿಕೋನ್ ಸಾಲದು. ಗಟ್ಟಿ ಆಸರೆ ಇಲ್ಲದಿದ್ದರೆ ಉಸಿರು ಎಳೆದಾಗ ಆ ಭಾಗ ಉಬ್ಬುವ ಬದಲು ಒಳಕ್ಕೆ ಹೋಗುತ್ತದೆ. 2015ರಲ್ಲಿ ಸ್ಪೇನಿನ ಸಾಲಮಾಂಕಾದಲ್ಲಿ 54 ವರ್ಷದ ರೋಗಿಯೊಬ್ಬರಿಗೆ ಟೈಟಾನಿಯಂನಲ್ಲಿ ಪ್ರಿಂಟ್ ಮಾಡಿದ ಎದೆಮೂಳೆ ಮತ್ತು ಪಕ್ಕೆಲುಬುಗಳನ್ನು ಕೂರಿಸಿದರು. ಅದನ್ನು ತಯಾರಿಸಿದ್ದು ಆಸ್ಟ್ರೇಲಿಯಾದಲ್ಲಿ, ಅಳತೆ ಹೋಗಿದ್ದು ಇಲ್ಲೂ ರೋಗಿಯ ಸಿಟಿ ಸ್ಕ್ಯಾನಿನಿಂದಲೇ.