ತ್ರಿಕೋನದ ಗುರುತು ಇದ್ದರೆ ಸಾಕಾ?

ಯಾವುದಾದರೂ ಪ್ಲಾಸ್ಟಿಕ್ ಡಬ್ಬಿಯನ್ನು ಬೋರಲು ಹಾಕಿ ನೋಡಿ. ತಳದಲ್ಲಿ ಬಾಣಗಳ ತ್ರಿಕೋನ, ಅದರೊಳಗೆ 1ರಿಂದ 7ರ ನಡುವಿನ ಒಂದು ಅಂಕಿ ಇರುತ್ತದೆ. ಇದನ್ನು ಕಂಡ ಕೂಡಲೇ ‘ಓ, ಇದು ರೀಸೈಕಲ್ ಆಗುತ್ತೆ’ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮ ತಂದ ಈ ಗುರುತು ಹೇಳುವುದು ಪ್ಲಾಸ್ಟಿಕ್ಕಿನ ಜಾತಿಯನ್ನಷ್ಟೇ. ಮುಂದೆ ಅದರ ಗತಿ ಏನಾಗುತ್ತದೆ ಎಂಬುದನ್ನಲ್ಲ.

ಅದನ್ನು ತಿಳಿಯಲು ಬೇರೆಯೇ ಲೆಕ್ಕ ಹಾಕುತ್ತಾರೆ. ವಸ್ತುವಿನ ಒಂದೊಂದು ಭಾಗವನ್ನೂ ತೂಗಿ, ಪ್ರತಿಯೊಂದರಿಂದ ವಾಪಸ್ ಸಿಗುವುದೆಷ್ಟು ಎಂದು ಕೂಡಿಸಿ, ಒಟ್ಟು ತೂಕಕ್ಕೆ ಹೋಲಿಸುತ್ತಾರೆ. ಒಂದು ಕಿಲೋ ತೂಗುವ ಯಂತ್ರ ಇದೆ ಎಂದುಕೊಳ್ಳಿ. ಉಕ್ಕು 600 ಗ್ರಾಂ, ಕಪ್ಪು ಪ್ಲಾಸ್ಟಿಕ್ 300, ತಾಮ್ರ 100. ಮೂರೂ ರೀಸೈಕಲ್ ಆಗುವಂಥವೇ. ಹಾಗಾದರೆ ನೂರಕ್ಕೆ ನೂರು?

ಇಲ್ಲ. ಪ್ಲಾಸ್ಟಿಕ್ ಬೇರ್ಪಡಿಸುವ ಯಂತ್ರಗಳು ಸಾಮಾನ್ಯವಾಗಿ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕು ಬಿಟ್ಟು, ತಿರುಗಿ ಬಂದ ಬೆಳಕಿನಿಂದ ಜಾತಿ ಗುರುತಿಸುತ್ತವೆ. ಕಪ್ಪು ಬಣ್ಣಕ್ಕೆ ಬಳಸುವ ಇಂಗಾಲದ ಪುಡಿ ಆ ಬೆಳಕನ್ನೆಲ್ಲ ನುಂಗಿಬಿಡುತ್ತದೆ. ಯಂತ್ರಕ್ಕೆ ಅಲ್ಲಿ ಏನೂ ಕಾಣುವುದಿಲ್ಲ. 300 ಗ್ರಾಂ ಸುಮ್ನೆ ಕಸಕ್ಕೆ.

ತಾಮ್ರದ ಕಥೆ ಇನ್ನೂ ಸ್ವಾರಸ್ಯ. ಹಳೆಯ ಯಂತ್ರಗಳನ್ನು ಒಂದೊಂದಾಗಿ ಬಿಚ್ಚುತ್ತಾ ಕೂರುವಷ್ಟು ಪುರುಸೊತ್ತು ಎಲ್ಲ ಕಡೆ ಇರುವುದಿಲ್ಲ. ಸುತ್ತಿಗೆಗಳು ಗಿರಗಿರ ತಿರುಗುವ ದೊಡ್ಡ ಯಂತ್ರಕ್ಕೆ ಎಸೆದು ಚೂರು ಮಾಡುತ್ತಾರೆ. ಆಮೇಲೆ ಅಯಸ್ಕಾಂತ ಕಬ್ಬಿಣವನ್ನು ಎತ್ತಿಕೊಳ್ಳುತ್ತದೆ. ಆದರೆ ಮೋಟಾರಿನಲ್ಲಿ ತಾಮ್ರದ ತಂತಿಯನ್ನು ಸುತ್ತಿರುವುದೇ ಕಬ್ಬಿಣದ ಮೇಲೆ. ಸರಿಯಾಗಿ ಚೂರಾಗದಿದ್ದರೆ ಎರಡೂ ಒಟ್ಟಿಗೆ ಕುಲುಮೆಗೆ ಹೋಗುತ್ತವೆ. ಒಮ್ಮೆ ಕರಗಿ ಬೆರೆತ ತಾಮ್ರವನ್ನು ಉಕ್ಕಿನಿಂದ ತೆಗೆಯುವುದು ತುಂಬಾ ಕಷ್ಟ. ಬೇರೆ ಕೆಲವು ಕಲ್ಮಶಗಳನ್ನು ಆಮ್ಲಜನಕ ಊದಿ ಸುಡಬಹುದು. ತಾಮ್ರದ ವಿಷಯದಲ್ಲಿ ಈ ಉಪಾಯ ನಡೆಯದು, ಅದಕ್ಕಿಂತ ಮೊದಲು ಕಬ್ಬಿಣವೇ ಉರಿಯುತ್ತದೆ. ನೂರು ಕಿಲೋ ಉಕ್ಕಿಗೆ ಕಾಲು ಕಿಲೋ ತಾಮ್ರ ಸೇರಿದರೂ ಸಾಕು, ಕಾದ ಉಕ್ಕನ್ನು ಹಾಳೆಯಾಗಿ ಎಳೆಯುವಾಗ ಮೇಲ್ಮೈ ಬಿರುಕು ಬಿಡುವ ಅಪಾಯ ಇದೆ. ತಾಮ್ರವೂ ಹೋಯಿತು, ಉಕ್ಕೂ ಕೆಟ್ಟಿತು.

ಇದೇ ಕಾರಣಕ್ಕೆ ಒಂದು ವಸ್ತುವನ್ನು ಯಾವುದರಿಂದ ಮಾಡಿದ್ದಾರೆ ಎನ್ನುವುದಕ್ಕಿಂತ ಹೇಗೆ ಜೋಡಿಸಿದ್ದಾರೆ ಎಂದು ಮೊದಲು ನೋಡಬೇಕು ಎನ್ನುವುದು ನನ್ನ ಲೆಕ್ಕ. ತಿರುಪು ಹಾಕಿದ ಬ್ಯಾಟರಿ ನಿಮಿಷದಲ್ಲಿ ಹೊರಗೆ ಬರುತ್ತದೆ. ಅಂಟು ಹಾಕಿ ಕೂರಿಸಿದ್ದನ್ನು ಮೀಟಿ ತೆಗೆಯಲು ಹೋದರೆ ಬೆಂಕಿಯೂ ಹತ್ತಬಹುದು.

ನಿಯಮಗಳೂ ನಿಧಾನವಾಗಿ ಇತ್ತ ವಾಲುತ್ತಿವೆ. ಐರೋಪ್ಯ ಒಕ್ಕೂಟದ 2025ರ ಪ್ಯಾಕೇಜಿಂಗ್ ಕಾಯ್ದೆ ಪೊಟ್ಟಣಗಳಿಗೆ ಎ, ಬಿ, ಸಿ ಎಂದು ದರ್ಜೆ ಕೊಡುತ್ತದೆ. ತೂಕದ ಲೆಕ್ಕದಲ್ಲಿ ಶೇ. 70ಕ್ಕಿಂತ ಕೆಳಗಿದ್ದರೆ ಅದು ರೀಸೈಕಲ್ ಆಗುವ ವಸ್ತುವೇ ಅಲ್ಲ ಎಂದು ಲೆಕ್ಕ.

ಆದರೂ ತೂಕದ ಲೆಕ್ಕಕ್ಕೆ ಒಂದು ಕುರುಡು ಇದೆ. ಮೊಬೈಲ್ ಫೋನಿನಲ್ಲಿರುವ ಚಿನ್ನ ಗ್ರಾಮಿನ ಸಣ್ಣ ಚೂರು. ಅದನ್ನು ಗಣಿಯಿಂದ ತೆಗೆಯಲು ಅಗೆದ ಮಣ್ಣು, ಸುರಿದ ವಿಷ ಮಾತ್ರ ಜಾಸ್ತಿ. ಆ ಚಿನ್ನ ಪೂರ್ತಿ ಕಸಕ್ಕೆ ಹೋದರೂ ಶೇಕಡಾ ಲೆಕ್ಕದಲ್ಲಿ ಒಂದಂಕಿಯೂ ಅಲುಗುವುದಿಲ್ಲ.