ಸತ್ತಂತೆ ಬಿದ್ದುಕೊಂಡರೆ ತಾಯಿಕರಡಿ ಮೂಸಿ ನೋಡಿ ಹೋಗುತ್ತದೆಯೇ?

ಪ್ರಶ್ನೆ: ಮರಿಗಳ ಜೊತೆಗಿರುವ ಕರಡಿ ಎದುರಾದರೆ ಉಸಿರು ಬಿಗಿಹಿಡಿದು ಸತ್ತವರ ಹಾಗೆ ಮಲಗಿದರೆ ಸಾಕು, ಏನೂ ಮಾಡುವುದಿಲ್ಲ ಅನ್ನುತ್ತಾರೆ. ನಿಜವೇ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಮೆಕ್ಕೆಜೋಳ ತೆನೆ ಕಟ್ಟಿ ಕರಡಿ ಹೊಲಕ್ಕೆ ಇಳಿಯುವ ಹೊತ್ತಿಗೆ ಈ ಪ್ರಶ್ನೆ ಮತ್ತೆ ಬಂದೇ ಬರುತ್ತದೆ. ಜೀವದ ಪ್ರಶ್ನೆ ಆದದ್ದರಿಂದ ಮತ್ತೊಮ್ಮೆ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಶಾಲೆಯಲ್ಲಿ ಓದಿದ್ದೆಲ್ಲ ಮರೆತರೂ ಆ ಕಥೆಯೊಂದನ್ನು ನಾವು ಮರೆಯುವುದಿಲ್ಲ. ಇಬ್ಬರು ಗೆಳೆಯರು, ಒಬ್ಬ ಮರ ಹತ್ತಿದ, ಇನ್ನೊಬ್ಬ ಸತ್ತಂತೆ ಮಲಗಿದ, ಕರಡಿ ಕಿವಿ ಹತ್ತಿರ ಮೂಸಿ ಹೊರಟುಹೋಯಿತು. ಅದು ಗೆಳೆತನದ ಬಗ್ಗೆ ಹೇಳಲು ಕಟ್ಟಿದ ಕಥೆ. ಕರಡಿಯ ಬಗ್ಗೆ ಅದರಲ್ಲಿ ಇರುವುದೆಲ್ಲ ತಪ್ಪು.

ಕಥೆಯ ಕರಡಿ ತಿನ್ನಲು ಬರುತ್ತದೆ, ಹೆಣವೆಂದು ತಿಳಿದು ಬಿಟ್ಟುಹೋಗುತ್ತದೆ. ನಮ್ಮ ಕಾಡಿನ ಕರಡಿಗೆ ಮನುಷ್ಯ ಆಹಾರವೇ ಅಲ್ಲ. ಅದರ ಬಾಯಿ ನೋಡಿ. ಮೇಲಿನ ಸಾಲಿನಲ್ಲಿ ನಡುವಿನ ಎರಡು ಹಲ್ಲುಗಳೇ ಇಲ್ಲ. ಹುತ್ತವನ್ನು ಉಗುರಿನಿಂದ ಒಡೆದು, ಮಣ್ಣು ಊದಿ ತೆಗೆದು, ತುಟಿಯನ್ನು ಕೊಳವೆಯ ಹಾಗೆ ಚಾಚಿ ಆ ಸಂದಿಯಿಂದ ಗೆದ್ದಲನ್ನು ಒಳಕ್ಕೆಳೆಯುತ್ತದೆ. ಹೀರುವ ಸದ್ದು ನೂರು ಮೀಟರ್ ಆಚೆಗೂ ಕೇಳುತ್ತದೆ. ಗೆದ್ದಲು, ಇರುವೆ, ಜೇನು, ಬಾರೆಹಣ್ಣು, ಕಾರೆಹಣ್ಣು, ಇವೇ ಅದರ ಮುಖ್ಯ ಊಟ. ಹಾಗಿದ್ದೂ ಅದು ನಿಮ್ಮ ಮೇಲೆ ಬಿದ್ದರೆ ಅದಕ್ಕೆ ಕಾರಣ ಹಸಿವಲ್ಲ, ಭಯ. ಬೆನ್ನ ಮೇಲೆ ಮರಿ ಇದ್ದರಂತೂ ಆ ಭಯ ದುಪ್ಪಟ್ಟು. ಬದುಕಿದ್ದೀರೋ ಸತ್ತಿದ್ದೀರೋ ಎಂದು ಪರೀಕ್ಷಿಸಲು ಅದು ಬರುವುದಿಲ್ಲ. ನಿಮ್ಮನ್ನು ಮರಿಯಿಂದ ದೂರ ಮಾಡಲು ಬರುತ್ತದೆ.

ಮರ ಹತ್ತಿದ ಗೆಳೆಯನ ವಿಷಯವೂ ಅಷ್ಟೇ. ಜೇನು ಕೀಳಲು ಮರ ಹತ್ತುವ ಪ್ರಾಣಿಗೆ ನೀವು ಕೂತ ಕೊಂಬೆ ದೊಡ್ಡದೇ? ಇನ್ನು ಇಳಿಜಾರಿನಲ್ಲಿ ಓಡಿದರೆ ಅದರ ಕೂದಲು ಕಣ್ಣಿಗೆ ಬಿದ್ದು ದಾರಿ ಕಾಣುವುದಿಲ್ಲ ಅನ್ನುವ ಮಾತು. ಅದನ್ನು ನಂಬಿ ಓಡಬೇಡಿ, ಕರಡಿ ನಿಮಗಿಂತ ಜೋರಾಗಿ ಓಡುತ್ತದೆ.

ಮರಿ ಸಾಕುವ ಕ್ರಮ ಗೊತ್ತಾದರೆ ಈ ಸಿಟ್ಟಿನ ಮೂಲ ತಿಳಿಯುತ್ತದೆ. ಅಮೆರಿಕದ ಕಪ್ಪು ಕರಡಿ ಅಪಾಯ ಕಂಡರೆ ಮರಿಗಳನ್ನು ಮರಕ್ಕೆ ಹತ್ತಿಸುತ್ತದೆ. ನಮ್ಮ ಕುರುಚಲು ಕಾಡಿನಲ್ಲಿ ದೊಡ್ಡ ಮರ ಎಲ್ಲಿದೆ? ಇದ್ದರೂ ಚಿರತೆ ಅಲ್ಲಿಗೂ ಹತ್ತುತ್ತದೆ. ಹಾಗಾಗಿ ನಮ್ಮ ಕರಡಿ ಮರಿಯನ್ನು ಬೆನ್ನಿಗೇರಿಸಿಕೊಂಡು, ತಾನೇ ಎದುರು ನಿಲ್ಲುತ್ತದೆ. ಹುಲಿಯ ಎದುರಿಗೂ ಎರಡು ಕಾಲಲ್ಲಿ ಎದ್ದು ನಿಂತದ್ದನ್ನು ನೋಡಿದವರಿದ್ದಾರೆ. ಜಗತ್ತಿನ ಎಂಟು ಜಾತಿಯ ಕರಡಿಗಳಲ್ಲಿ ಹೀಗೆ ದಿನನಿತ್ಯ ಮರಿ ಹೊತ್ತು ತಿರುಗುವುದು ಇದೊಂದೇ.

ಚಳಿಗಾಲದ ಸುಮಾರಿಗೆ ಬಂಡೆಗಳ ನಡುವಿನ ಗುಹೆಯಲ್ಲಿ ಒಂದೋ ಎರಡೋ ಮರಿ ಹುಟ್ಟುತ್ತವೆ. ಕಣ್ಣು ಬಿಡಲು ಸುಮಾರು ಮೂರು ವಾರ. ಎರಡು ಮೂರು ತಿಂಗಳಿಗೆ ತಾಯಿಯ ಬೆನ್ನೇರಿ ಹೊರಗೆ ಬರುತ್ತವೆ. ತಂದೆ ಈ ಸಂಸಾರದಲ್ಲಿ ಇಲ್ಲವೇ ಇಲ್ಲ. ಹಂಪಿಗೆ ಹತ್ತಿರದ ದರೋಜಿ ಕರಡಿಧಾಮದಲ್ಲಿ (1994ರಲ್ಲಿ ಆದದ್ದು) ಸಂಜೆ ವೀಕ್ಷಣಾ ಗೋಪುರದಲ್ಲಿ ಕೂತರೆ ಇದನ್ನು ಕಣ್ಣಾರೆ ನೋಡಬಹುದು. ನಾನು ನೋಡಿದ ತಾಯಿ ಬಂಡೆಯಿಂದ ಬಂಡೆಗೆ ಹಿಮ್ಮುಖವಾಗಿ ಇಳಿಯುತ್ತಿತ್ತು. ಭುಜದ ಮೇಲಿನ ಮರಿ ಎರಡು ಮುಷ್ಟಿಯಲ್ಲೂ ಕೂದಲು ಹಿಡಿದು ಮುಖ ಹುದುಗಿಸಿತ್ತು. ಅದರ ಹಿಂದೆ ಕೂತಿದ್ದ ಇನ್ನೊಂದು ಮರಿ ಜಾರಿತು. ಅದು ಮತ್ತೆ ಹತ್ತುವ ತನಕ ತಾಯಿ ಅಲುಗಲಿಲ್ಲ.

ಹಾಗಾದರೆ ಏನು ಮಾಡಬೇಕು? ಎದುರಾಗದಂತೆ ನೋಡಿಕೊಳ್ಳುವುದೇ ಮುಖ್ಯ. ಹುತ್ತದೊಳಗೆ ಮೂತಿ ಇಟ್ಟು ಹೀರುತ್ತಿರುವ ಕರಡಿಗೆ ನಿಮ್ಮ ಹೆಜ್ಜೆ ಸಪ್ಪಳ ಕೇಳಿಸುವುದಿಲ್ಲ. ಅದಕ್ಕೇ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಬ್ಬರೇ ಹೋಗಬೇಡಿ. ಮಾತಾಡುತ್ತ, ಕೋಲು ಕುಟ್ಟುತ್ತ ನಡೆಯಿರಿ. ದೂರದಲ್ಲಿ ಕಂಡರೆ ಓಡದೆ ನಿಧಾನವಾಗಿ ಹಿಂದೆ ಸರಿಯಿರಿ. ಮೈಮೇಲೆ ಬಿದ್ದೇ ಬಿಟ್ಟರೆ ಮಾತ್ರ ಬೋರಲಾಗಿ ಮಲಗಿ, ಬೆರಳು ಹೆಣೆದು ಕುತ್ತಿಗೆ ಮುಚ್ಚಿಕೊಂಡು, ಮುಖವನ್ನು ನೆಲಕ್ಕೆ ಒತ್ತಿಕೊಳ್ಳಿ. ಅದರ ಪೆಟ್ಟು ಬೀಳುವುದು ಹೆಚ್ಚಾಗಿ ಮುಖಕ್ಕೆ, ತಲೆಗೆ. ಕಥೆಯ ಗೆಳೆಯನ ಹಾಗೆ ಮುಖ ಮೇಲೆ ಮಾಡಿ ಮಲಗಿದರೆ ಕಣ್ಣು ಮೂಗು ಉಳಿಯುವುದು ಕಷ್ಟ.

ಕೂದಲಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಚಿಕ್ಕಂದಿನಲ್ಲಿ ನಾನು ರಾತ್ರಿ ಬೆಚ್ಚಿಬೀಳುತ್ತೇನೆಂದು ನಮ್ಮಜ್ಜಿ ಕರಡಿ ಆಡಿಸುವವನ ಹತ್ತಿರ ಕೂದಲು ಕೊಂಡು ತಾಯಿತದಲ್ಲಿ ತುಂಬಿ ತೋಳಿಗೆ ಕಟ್ಟಿದ್ದರು. ಮರಿ ಹಿಡಿದು ತೂಗಾಡುವ ಅದೇ ಕೂದಲು. ಆ ಕರಡಿ ಕುಣಿಯಲು ಬಂದದ್ದು ಹೇಗೆಂದು ನಾವ್ಯಾರೂ ಕೇಳಲಿಲ್ಲ. ತಾಯಿಯನ್ನು ಕೊಂದೋ, ತಾಯಿ ಹೊರಗೆ ಹೋದ ಹೊತ್ತು ನೋಡಿ ಗುಹೆಗೆ ಕೈ ಹಾಕಿಯೋ ಮರಿ ತರುತ್ತಿದ್ದರು. ಮೂತಿಗೆ ಕಾಯಿಸಿದ ಸಲಾಕೆಯಿಂದ ತೂತು ಕೊರೆದು ಹಗ್ಗ ಪೋಣಿಸುತ್ತಿದ್ದರು, ಹಲ್ಲು ಕೀಳುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಇದ್ದರೂ ಈ ಆಟ ನಮ್ಮ ರಸ್ತೆಗಳಿಂದ ಮರೆಯಾಗಲು 2009 ಬರಬೇಕಾಯಿತು. ಹಾಗೆ ಬಿಡಿಸಿ ತಂದ ಕರಡಿಗಳಲ್ಲಿ ಹಲವು ಬೆಂಗಳೂರಿನ ಹತ್ತಿರದ ಬನ್ನೇರುಘಟ್ಟದ ಕರಡಿ ರಕ್ಷಣಾ ಕೇಂದ್ರದಲ್ಲಿ ಉಳಿದವು. ಅವನ್ನು ಕಾಡಿಗೇಕೆ ಬಿಡಲಿಲ್ಲ ಎಂದು ಕೇಳುವವರಿದ್ದಾರೆ. ಮರಿ ಎರಡು ವರ್ಷದ ತನಕ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ತಾಯಿಯ ಹಿಂದೆ ಸುತ್ತಿ ಯಾವ ಹುತ್ತದಲ್ಲಿ ಗೆದ್ದಲಿದೆ, ಯಾವ ತಿಂಗಳು ಯಾವ ಹಣ್ಣು ಉದುರುತ್ತದೆ, ಬೇಸಿಗೆಯಲ್ಲಿ ನೀರೆಲ್ಲಿ ಎಂದು ಕಲಿಯುತ್ತದೆ. ಈ ಕರಡಿಗಳಿಗೆ ಅದನ್ನು ಕಲಿಸಲು ತಾಯಿ ಇರಲಿಲ್ಲ.