ಪಟ್ಟಿಯಲ್ಲಿ ಸಂಖ್ಯೆ ದೊಡ್ಡದಿದ್ದರೆ ಅಪಾಯವೂ ದೊಡ್ಡದಾ?

ಓದುಗರ ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಮನೆ ಕೊಳ್ಳಬೇಕು ಅಂತಿದ್ದಾಳೆ. ಸರ್ಕಾರದ ವೆಬ್‌ಸೈಟ್‌ನಲ್ಲಿ ಊರಿನ ಜಿಪ್ ಕೋಡ್ ಹಾಕಿದರೆ, ಹತ್ತಿರದ ಕಾರ್ಖಾನೆ ವರ್ಷಕ್ಕೆ ಸಾವಿರಾರು ಪೌಂಡ್ ವಿಷಕಾರಿ ರಾಸಾಯನಿಕ ಹೊರಬಿಡುತ್ತದೆ ಅಂತ ತೋರಿಸಿತಂತೆ. ಆ ಮನೆ ಬೇಡ ಅನ್ನಬೇಕಾ?

ಉತ್ತರ: ಬರೀ ಆ ಸಂಖ್ಯೆ ನೋಡಿ ತೀರ್ಮಾನ ಮಾಡಬೇಡಿ. ಹಾಗಂತ ಸುಮ್ನೆ ತಳ್ಳಿಹಾಕಲೂ ಬೇಡಿ.

ಮಗಳು ನೋಡಿದ್ದು ಟಾಕ್ಸಿಕ್ಸ್ ರಿಲೀಸ್ ಇನ್ವೆಂಟರಿ ಇರಬೇಕು, ಅಂದರೆ ಕಾರ್ಖಾನೆಗಳು ಯಾವ ವಿಷಕಾರಿ ರಾಸಾಯನಿಕ ಎಷ್ಟು ಹೊರಬಿಟ್ಟವು ಅಂತ ಹೇಳುವ ಸರ್ಕಾರಿ ಪಟ್ಟಿ. ಅದರ ಬೇರು ಇರುವುದು ನಮ್ಮ ಭೋಪಾಲಿನಲ್ಲಿ. 1984ರ ಡಿಸೆಂಬರ್ 2ರ ರಾತ್ರಿ ಗಾಳಿಯಲ್ಲಿ ಬಂದದ್ದು ಏನು ಅಂತ ಕಾರ್ಖಾನೆ ಪಕ್ಕದಲ್ಲೇ ಮಲಗಿದ್ದವರಿಗೆ ಗೊತ್ತಿರಲಿಲ್ಲ. ಮರುವರ್ಷ ಆಗಸ್ಟ್‌ನಲ್ಲಿ ಅದೇ ಯೂನಿಯನ್ ಕಾರ್ಬೈಡ್‌ನ ವೆಸ್ಟ್ ವರ್ಜೀನಿಯಾ ಘಟಕದಲ್ಲೂ ವಿಷಾನಿಲ ಸೋರಿತು. 1986ರಲ್ಲಿ ಅಮೆರಿಕ ಕಾನೂನು ತಂದಿತು. ಕಾರ್ಖಾನೆಗಳು ಲೆಕ್ಕ ಒಪ್ಪಿಸಬೇಕು, ಅದು ಕಂಪ್ಯೂಟರ್ ಮೂಲಕ ಜನರಿಗೆ ಸಿಗಬೇಕು ಅಂತ ಅದರಲ್ಲೇ ಬರೆದರು. ಆಗಿನ್ನೂ ಮನೆಗಳಲ್ಲಿ ಇಂಟರ್ನೆಟ್ ಇರಲಿಲ್ಲ! ನಮ್ಮಲ್ಲೂ 1989ರ ನಿಯಮಗಳ ಪ್ರಕಾರ, ದೊಡ್ಡ ಅಪಾಯವಿರುವ ಕಾರ್ಖಾನೆಗಳು ಸುತ್ತಲಿನ ಜನರಿಗೆ ಮಾಹಿತಿ ಕೊಡಬೇಕು. ಆದರೆ ಪಿನ್ ಕೋಡ್ ಹಾಕಿ ನೋಡುವಂಥ ಪಟ್ಟಿ ಇಂದಿಗೂ ನಮಗಿಲ್ಲ. ಇದು ನನಗೆ ತುಂಬಾ ನೋವಿನ ವಿಷಯ.

ಈಗ ಆ ಸಂಖ್ಯೆಗೆ ಬರೋಣ. ಗೇಟಿನಿಂದ ಆಚೆ ಎಷ್ಟು ಹೋಯಿತು ಅಂತ ಅದು ಹೇಳುತ್ತದೆ. ನಿಮ್ಮ ಮೈಗೆ ಎಷ್ಟು ಸೇರಿತು ಅಂತ ಹೇಳುವುದಿಲ್ಲ. ಅಲಾಸ್ಕಾದ ರೆಡ್ ಡಾಗ್ ಸತುವಿನ ಗಣಿ ಈ ಪಟ್ಟಿಯ ತುದಿಯಲ್ಲೇ ಇರುತ್ತದೆ. ಅದರ ಲೆಕ್ಕದಲ್ಲಿ ಬಹುಪಾಲು, ಗಣಿಯ ಜಾಗದಲ್ಲೇ ಉಳಿಯುವ ಕಲ್ಲು, ಕೆಸರಿನಲ್ಲಿರುವ ಲೋಹ. ಇಲಿನಾಯ್ಸ್‌ನ ವಿಲೋಬ್ರೂಕ್‌ನಲ್ಲಿ ವೈದ್ಯಕೀಯ ಉಪಕರಣ ಶುದ್ಧ ಮಾಡುವ ಘಟಕವಿತ್ತು. ಗಣಿಯ ಮುಂದೆ ಅದರ ಲೆಕ್ಕ ಏನೇನೂ ಅಲ್ಲ. ಆದರೆ ಅದು ಬಿಡುತ್ತಿದ್ದದ್ದು ಎಥಿಲೀನ್ ಆಕ್ಸೈಡ್, ಕ್ಯಾನ್ಸರ್ ತರುವ ಅನಿಲ. ಸುತ್ತ ಮನೆಗಳಿದ್ದವು. 2019ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅಲ್ಲಿನ ಕೆಲಸ ನಿಲ್ಲಿಸಿತು.

ವೆಬ್‌ಸೈಟ್‌ಗೆ ಹಾಕಿದ ಮಾತ್ರಕ್ಕೆ ಜನರಿಗೆ ಹೇಳಿದಂತೆ ಆಗುವುದಿಲ್ಲ, ಅಲ್ವಾ? ಈ ಅನಿಲದಿಂದ ಹೆಚ್ಚು ಅಪಾಯವಿದ್ದ 25 ಕಡೆಗಳಲ್ಲಿ 16 ಕಡೆ, ಸಭೆ ಕರೆದೋ ಇನ್ನಾವ ರೀತಿಯಲ್ಲೋ ಜನರಿಗೆ ನೇರವಾಗಿ ತಿಳಿಸಿಲ್ಲ ಅಂತ ಅಮೆರಿಕದ ಕೇಂದ್ರ ಪರಿಸರ ಸಂಸ್ಥೆಯ ಕೆಲಸವನ್ನು ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯೇ 2020ರಲ್ಲಿ ಎಚ್ಚರಿಸಿತು.

ಮಗಳು ಮೊದಲು ರಾಸಾಯನಿಕದ ಹೆಸರು ನೋಡಲಿ. ಆಮೇಲೆ ಅದು ಗಾಳಿಗೆ ಹೋಯಿತಾ, ನೀರಿಗಾ, ಮಣ್ಣಿಗಾ ಅಂತ ನೋಡಲಿ. ಪೌಂಡ್ ಲೆಕ್ಕ ಕೊನೆಗೆ. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಅದನ್ನು ಬರೆದುಕೊಟ್ಟದ್ದು ಕಂಪನಿಯೇ, ಎಷ್ಟೋ ಸಲ ಅಂದಾಜಿನ ಮೇಲೆ. ಹೋದ ವರ್ಷದ ಲೆಕ್ಕ ಕೊಡಲು ಜುಲೈ 1ರವರೆಗೆ ಸಮಯವಿರುತ್ತದೆ. ಹಾಗಾಗಿ ಕಣ್ಣಿಗೆ ಬೀಳುವುದು ಯಾವಾಗಲೂ ಹಳೆಯ ಲೆಕ್ಕ. ಐದಾರು ವರ್ಷದ್ದನ್ನು ಒಟ್ಟಿಗೆ ಇಟ್ಟು ನೋಡಿದರೆ ಏರುತ್ತಿದೆಯಾ, ಇಳಿಯುತ್ತಿದೆಯಾ ಅಂತ ಗೊತ್ತಾಗುತ್ತದೆ.